ಏಳು ಗಂಟೆಯೊಳಗೆ ಬಾಗಿಲು ದಾಟಿಸುವವರು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷರ ಚುನಾವಣೆ ಅಂದರೆ ನಮ್ಮ ಕಣ್ಣಿಗೆ ಬರುವುದು ದೊಡ್ಡ ವೇದಿಕೆ, ಬಲೂನು, ಟಿವಿ ಚರ್ಚೆ. ನಾನು ಇವತ್ತು ಹೇಳಲು ಬಂದಿರುವುದು ಅದಕ್ಕಿಂತ ತುಂಬಾ ಚಿಕ್ಕ ಜಾಗದ ಬಗ್ಗೆ. ಅಯೋವಾ ರಾಜ್ಯದ ಯಾವುದೋ ಊರಿನ ಶಾಲೆಯ ಜಿಮ್, ಇಲ್ಲವೇ ಚರ್ಚಿನ ನೆಲಮಾಳಿಗೆ. ಜನವರಿ ತಿಂಗಳು. ಹೊರಗೆ ಹಿಮ. ರಾತ್ರಿ ಏಳು ಗಂಟೆ. ಅಲ್ಲಿಗೆ ಅಕ್ಕಪಕ್ಕದ ಮನೆಯವರನ್ನು ಕರೆತರುವ ಸಾಮಾನ್ಯ ಜನರ ಬಗ್ಗೆ.

ಮೊದಲು ಕಾಕಸ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಅಧ್ಯಕ್ಷ ಸ್ಥಾನಕ್ಕೆ ತನ್ನ ಅಭ್ಯರ್ಥಿ ಯಾರು ಅಂತ ಪ್ರತಿ ಪಕ್ಷವೂ ಮೊದಲು ತನ್ನೊಳಗೇ ತೀರ್ಮಾನಿಸಬೇಕು. ಹೆಚ್ಚಿನ ರಾಜ್ಯಗಳಲ್ಲಿ ಅದಕ್ಕೆ ಪ್ರೈಮರಿ ಇದೆ. ದಿನದಲ್ಲಿ ಯಾವಾಗ ಬಿಡುವಾದರೂ ಹೋಗಿ ವೋಟು ಹಾಕಿ ಬರಬಹುದು. ಕಾಕಸ್ ಹಾಗಲ್ಲ, ಅದು ಸಭೆ. ಹೇಳಿದ ಹೊತ್ತಿಗೆ ಹೋಗಬೇಕು, ಒಂದೆರಡು ಗಂಟೆ ಇರಬೇಕು. 1972ರಿಂದ ಸುಮಾರು ಐವತ್ತು ವರ್ಷ ದೇಶಕ್ಕೆಲ್ಲ ಮೊದಲ ತೀರ್ಪು ಬರುತ್ತಿದ್ದದ್ದು ಅಯೋವಾದ ಕಾಕಸ್‌ಗಳಿಂದ. ಅದಕ್ಕೇ ಆ ಪುಟ್ಟ ರಾಜ್ಯದ ಮೇಲೆ ಎಲ್ಲರ ಕಣ್ಣು.

ರಿಪಬ್ಲಿಕನ್ನರ ಸಭೆ ಸರಳ. ಭಾಷಣ ಕೇಳಿ, ಚೀಟಿಯಲ್ಲಿ ಹೆಸರು ಬರೆದು ಕೊಡುತ್ತಾರೆ. ಡೆಮಾಕ್ರಾಟರಲ್ಲಿ ಗುಟ್ಟಿನ ಚೀಟಿಯೇ ಇರಲಿಲ್ಲ. ಒಬ್ಬ ಅಭ್ಯರ್ಥಿಗೆ ಈ ಮೂಲೆ, ಇನ್ನೊಬ್ಬರಿಗೆ ಆ ಮೂಲೆ. ನಿಮಗೆ ಬೇಕಾದವರ ಮೂಲೆಗೆ ನಡೆದುಹೋಗಿ ನಿಲ್ಲಬೇಕಿತ್ತು. ಆಮೇಲೆ ತಲೆ ಎಣಿಸುತ್ತಿದ್ದರು.

ನಮ್ಮ ಗ್ರಾಮಸಭೆ ನೋಡಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಜೋರಾಗಿ ಮಾತಾಡುವವರು ಸಭೆಯಲ್ಲಿ ಸುಮ್ನೆ ಕೂತಿರುತ್ತಾರೆ. ಎದುರಿಗೆ ಸಾಲ ಕೊಟ್ಟವರಿರುತ್ತಾರೆ, ನೆಂಟರಿರುತ್ತಾರೆ, ನಾಳೆ ಮತ್ತೆ ಮುಖ ನೋಡಬೇಕಾದವರಿರುತ್ತಾರೆ. ನಾವು ಇದಕ್ಕೆ ದಾಕ್ಷಿಣ್ಯ ಅನ್ನುತ್ತೇವೆ ಅಲ್ವಾ? ಅಯೋವಾದಲ್ಲೂ ಅದೇ. ಮಗುವಿನ ಟೀಚರ್ ಒಂದು ಮೂಲೆಯಲ್ಲಿ, ಕೆಲಸ ಕೊಟ್ಟ ಯಜಮಾನ ಇನ್ನೊಂದು ಮೂಲೆಯಲ್ಲಿ. ನಡುವೆ ನೀವು.

ಅಲ್ಲಿನ ಸ್ವಯಂಸೇವಕರ ಕೆಲಸವೆಲ್ಲ ಈ ದಾಕ್ಷಿಣ್ಯದ ಸುತ್ತಲೇ ನಡೆಯುತ್ತದೆ ಅಂತ ನನಗನ್ನಿಸುತ್ತದೆ. ಅಭ್ಯರ್ಥಿಯನ್ನು ಇಷ್ಟಪಡುವವರು ಬೇಕಾದಷ್ಟು ಸಿಗುತ್ತಾರೆ. ಇಷ್ಟಪಟ್ಟವರು ಚಳಿಯಲ್ಲಿ ಮನೆ ಬಿಟ್ಟು ಬರಬೇಕು, ಊರವರೆಲ್ಲ ನೋಡುತ್ತಿರುವಾಗ ಎದ್ದು ನಿಲ್ಲಬೇಕು. ಕಷ್ಟ ಇರುವುದು ಅಲ್ಲಿ.

ಇದನ್ನು ದುಬಾರಿ ಬೆಲೆ ಕೊಟ್ಟು ಕಲಿತದ್ದು 2004ರಲ್ಲಿ. ಡೆಮಾಕ್ರಾಟರ ಕಣದಲ್ಲಿ ವರ್ಮಾಂಟ್ ರಾಜ್ಯದ ಮಾಜಿ ಗವರ್ನರ್ ಹೊವಾರ್ಡ್ ಡೀನ್ ಇದ್ದರು. ಇಂಟರ್ನೆಟ್ಟಿನ ಮೂಲಕ ಜನರನ್ನು ಕೂಡಿಸಿದ ಮೊದಲಿಗರಲ್ಲಿ ಅವರೊಬ್ಬರು. ದೇಶದ ಬೇರೆ ಬೇರೆ ಕಡೆ ಬೆಂಬಲಿಗರು ಸಂಜೆ ಒಟ್ಟಾಗಿ ಕೂತು, ಕಂಡರಿಯದ ಅಯೋವಾ ಮತದಾರರಿಗೆ ಕೈಯಾರೆ ಕಾಗದ ಬರೆದರು. ಕೊನೆಯ ದಿನಗಳಲ್ಲಿ ಸಾವಿರಾರು ಮಂದಿ ಅಯೋವಾಕ್ಕೇ ಬಂದಿಳಿದರು. ತಲೆಗೆ ಕಿತ್ತಳೆ ಬಣ್ಣದ ಉಣ್ಣೆ ಟೋಪಿ, ಕೈಯಲ್ಲಿ ಕರಪತ್ರ. ಅವರ ಮನಸ್ಸಿನ ಬಗ್ಗೆ ನನಗೆ ತುಂಬಾ ಗೌರವವಿದೆ. ಸ್ವಂತ ಖರ್ಚಿನಲ್ಲಿ, ರಜೆ ಹಾಕಿ, ಹಿಮದಲ್ಲಿ ಬಾಗಿಲು ತಟ್ಟಿದವರು ಅವರಲ್ಲಿ ಎಷ್ಟೋ ಜನ. ಆದರೆ ಬಾಗಿಲು ತೆರೆದವರಿಗೆ ಕಂಡದ್ದು ಹೊರಗಿನವರು. ಅವರ ಎದುರಾಳಿ ಜಾನ್ ಕೆರಿ ಗೆದ್ದರು. ಡೀನ್ ಶೇ. 18ರಷ್ಟು ಬೆಂಬಲದೊಂದಿಗೆ ಮೂರನೇ ಸ್ಥಾನಕ್ಕೆ ಇಳಿದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಊರಿನ ಗುರುತು ಇಲ್ಲದವರ ಮಾತಿಗೆ ದಾಕ್ಷಿಣ್ಯ ಹುಟ್ಟುವುದಿಲ್ಲ.

ನಾಲ್ಕು ವರ್ಷ ಬಿಟ್ಟು ಬರಾಕ್ ಒಬಾಮಾ ಬಂದರು. ಅವರ ತಂಡದಲ್ಲೂ ಹೊರಗಿನಿಂದ ಬಂದ ಯುವಕ ಯುವತಿಯರಿದ್ದರು. ಆದರೆ ಅವರು ತಿಂಗಳುಗಟ್ಟಲೆ ಮೊದಲೇ ಬಂದು ಆಯಾ ಊರಿನಲ್ಲೇ ಉಳಿದರು. ಕಚೇರಿ ಗೋಡೆಯ ಮೇಲೆ ಮೂರು ಮಾತು ಬರೆದಿತ್ತು: ಗೌರವಿಸಿ, ಅಧಿಕಾರ ಕೊಡಿ, ಸೇರಿಸಿಕೊಳ್ಳಿ. ಅವರ ಮುಖ್ಯ ಕೆಲಸ ಆ ಊರಿನವರೇ ಆದ ಒಬ್ಬರನ್ನು ಹುಡುಕುವುದು. ಅಲ್ಲಿ ಒಂದೊಂದು ಮತಗಟ್ಟೆ ಪ್ರದೇಶಕ್ಕೂ ಪ್ರಿಸಿಂಕ್ಟ್ ಅನ್ನುತ್ತಾರೆ. ಹಾಗೆ ಸಿಕ್ಕವರು ಪ್ರಿಸಿಂಕ್ಟ್ ಕ್ಯಾಪ್ಟನ್. ನಿವೃತ್ತ ಮೇಷ್ಟ್ರು, ರೈತ, ಅಜ್ಜಿ, ಯಾರಾದರೂ ಆಗಬಹುದು. ಸಂಬಳ ಇಲ್ಲ.

ಈ ಕ್ಯಾಪ್ಟನ್‌ಗಳು ಮಾಡುವ ಕೆಲಸ ನೋಡಿದರೆ ನಮ್ಮಲ್ಲಿ ಮದುವೆಗೆ ಕರೆಯುವವರ ನೆನಪಾಗುತ್ತದೆ. ಒಂದು ಸಲ ಹೇಳಿದರೆ ಸಾಲದು. ಬರುತ್ತೇನೆ ಅಂದವರ ಹತ್ತಿರ ಕಾರ್ಡಿಗೆ ಸಹಿ ಹಾಕಿಸಿಕೊಳ್ಳಬೇಕು. ಮತ್ತೆ ಫೋನ್ ಮಾಡಬೇಕು. ನಿಮ್ಮನ್ನು ಯಾರು ಕರೆದುಕೊಂಡು ಬರುತ್ತಾರೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಬೇಕು. ಕಾಕಸ್ ಕಂಡೇ ಇಲ್ಲದವರಿಗೆ ಭಯ ಜಾಸ್ತಿ. ಅವರನ್ನು ಕೂರಿಸಿ ಸುಳ್ಳು ಸುಳ್ಳೇ ಕಾಕಸ್ ಆಡಿಸುತ್ತಿದ್ದರು. ಅಭ್ಯರ್ಥಿಗಳ ಬದಲು ತಿಂಡಿಗಳ ಹೆಸರು. ಪೈ ಇಷ್ಟ ಇದ್ದವರು ಆ ಮೂಲೆಗೆ ಹೋಗಿ. ನಗುನಗುತ್ತಾ ಒಂದು ಸಲ ನಡೆದವರಿಗೆ ನಿಜವಾದ ದಿನ ಕಾಲು ನಡುಗುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಅವರು ಕಲಿಸಬೇಕಿತ್ತು. ಸಾಮಾನ್ಯವಾಗಿ ಒಂದು ಗುಂಪು ಉಳಿಯಬೇಕಾದರೆ ಬಂದವರಲ್ಲಿ ಶೇ. 15ರಷ್ಟು ಜನ ಅದರಲ್ಲಿರಬೇಕಿತ್ತು. 60 ಜನ ಬಂದಿದ್ದರೆ 9. ನಿಮ್ಮ ಮೂಲೆಯಲ್ಲಿ 7 ಜನ ಇದ್ದೀರಿ ಅಂದುಕೊಳ್ಳಿ. ಇನ್ನಿಬ್ಬರನ್ನು ಒಲಿಸಿಕೊಳ್ಳಬೇಕು, ಇಲ್ಲದಿದ್ದರೆ ಗುಂಪು ಒಡೆದು ಬೇರೆ ಮೂಲೆಗೆ ಹೋಗಬೇಕು. ಆ ಇಬ್ಬರು ಯಾರು? ಅವರ ಎರಡನೇ ಆಯ್ಕೆ ಯಾರು? ಒಳ್ಳೆಯ ಕ್ಯಾಪ್ಟನ್‌ಗೆ ಇದು ಮೊದಲೇ ಗೊತ್ತಿರುತ್ತಿತ್ತು. ಪಕ್ಕದ ಮನೆಯವರಾಗಿರುವುದರ ಬೆಲೆ ಇಲ್ಲಿದೆ. ಪಕ್ಷದ ಮುಂದಿನ ಹಂತದ ಸಭೆಗೆ ಪ್ರತಿ ಪ್ರಿಸಿಂಕ್ಟ್‌ ಕಳಿಸುವ ಪ್ರತಿನಿಧಿಗಳ ಸಂಖ್ಯೆ ಮೊದಲೇ ನಿಗದಿಯಾಗಿರುತ್ತಿತ್ತು, ಎಷ್ಟು ಜನ ಬಂದರೂ ಅದು ಏರುತ್ತಿರಲಿಲ್ಲ. ಹಾಗಾಗಿ ರಾಜಧಾನಿ ಡೆ ಮೋಯ್ನ್‌ನಲ್ಲಿ ಮಾತ್ರ ಜನ ಕೂಡಿಸಿದರೆ ಪ್ರಯೋಜನವಿರಲಿಲ್ಲ. ರಾಜ್ಯದ 99 ಕೌಂಟಿಗಳಲ್ಲೂ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲೂ, ಯಾರಾದರೂ ಬಾಗಿಲು ತಟ್ಟಲೇಬೇಕಿತ್ತು.

2008ರ ಜನವರಿ 3ರ ರಾತ್ರಿ ಡೆಮಾಕ್ರಾಟರ ಸಭೆಗಳಿಗೆ ಸುಮಾರು 2,39,000 ಜನ ಬಂದರು. 2004ರಲ್ಲಿ ಬಂದವರು ಸುಮಾರು 1,24,000. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದೇ ಮೊದಲ ಕಾಕಸ್. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ 17ರ ಮಕ್ಕಳೂ ನಿಲ್ಲಬಹುದಿತ್ತು, ನಿಂತರು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬಿಳಿಯರಿದ್ದ ರಾಜ್ಯದಲ್ಲಿ ಒಬಾಮಾ ಶೇ. 37.6 ಪಡೆದು ಗೆದ್ದರು. ಹಿಲರಿ ಕ್ಲಿಂಟನ್ ಮೂರನೆಯವರಾದರು.

ಇಷ್ಟು ಹೊಗಳಿದ ಮೇಲೆ ಮನಸ್ಸಿಗೆ ಚುಚ್ಚುವ ಮಾತನ್ನೂ ಹೇಳಬೇಕು. ಏಳು ಗಂಟೆಗೆ ಬರಲಾಗದವರ ಗತಿ ಏನು? ರಾತ್ರಿ ಪಾಳಿಯ ನರ್ಸ್, ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಬರಲಾಗದ ಮಗಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಯಾವ ಕ್ಯಾಪ್ಟನ್ ಎಷ್ಟು ಸಲ ಫೋನ್ ಮಾಡಿದರೂ ಅವರು ಬರಲಾರರು. ಸ್ವಯಂಸೇವಕರು ಕಾರು ಕಳಿಸಬಹುದು, ಮಗುವನ್ನು ಎತ್ತಿಕೊಂಡು ಕೂರಬಹುದು. ಪಾಳಿ ಬದಲಿಸಲು ಅವರಿಂದಾಗದು. ನನ್ನ ಪ್ರಕಾರ ಇದು ಕಾಕಸ್‌ನ ದೊಡ್ಡ ಅನ್ಯಾಯ.

2020ರಲ್ಲಿ ಇದನ್ನು ಸ್ವಲ್ಪ ಸರಿಪಡಿಸಲು ಬೇರೆ ಹೊತ್ತಿನಲ್ಲಿ, ಬೇರೆ ಜಾಗಗಳಲ್ಲಿ ಹೆಚ್ಚುವರಿ ಕಾಕಸ್‌ಗಳನ್ನು ಇಟ್ಟರು. ಪ್ಯಾರಿಸ್, ಗ್ಲಾಸ್ಗೊ, ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲೂ ಅಯೋವಾದವರು ಸೇರಿದರು. ಆ ವರ್ಷ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು, ಲೆಕ್ಕ ದಿನಗಟ್ಟಲೆ ತಡವಾಯಿತು. ಜನರಿಗೆ ನೆನಪಿರುವುದು ಅದೊಂದೇ. 2024ರಲ್ಲಿ ಡೆಮಾಕ್ರಾಟರು ಅಭ್ಯರ್ಥಿಯ ಆಯ್ಕೆಯನ್ನು ಅಂಚೆ ಮತದಾನಕ್ಕೆ ಬದಲಾಯಿಸಿದರು. ಮೂಲೆಗೆ ನಡೆದು ನಿಲ್ಲುವ ಪದ್ಧತಿ ಅಲ್ಲಿಗೆ ನಿಂತಿತು. ರಿಪಬ್ಲಿಕನ್ನರು ಮಾತ್ರ ಆ ಜನವರಿ 15ರ ಕೊರೆಯುವ ಚಳಿಯಲ್ಲೂ ಸಭೆ ಸೇರಿದರು.

ನನಗೆ 2020ರ ಫೆಬ್ರವರಿ 3ರ ಮಧ್ಯಾಹ್ನ ಮರೆಯಲಾಗದು. ಅಯೋವಾದ ಅಟಮ್ವಾ ಅನ್ನುವ ಊರು. ಅಲ್ಲೊಂದು ದೊಡ್ಡ ಹಂದಿಮಾಂಸದ ಕಾರ್ಖಾನೆ ಇದೆ. ಅಲ್ಲಿ ದುಡಿಯುವವರಲ್ಲಿ ಇಥಿಯೋಪಿಯಾದಿಂದ ಬಂದು ನೆಲೆಸಿದವರೂ ಇದ್ದಾರೆ. ಮಧ್ಯಾಹ್ನದ ಪಾಳಿಗೆ ಹೋಗುವವರಿಗಾಗಿ ಕಾರ್ಮಿಕ ಸಂಘದ ಹಾಲ್‌ನಲ್ಲಿ ಹನ್ನೆರಡು ಗಂಟೆಗೆ ಕಾಕಸ್ ಇಟ್ಟಿದ್ದರು. ಬಂದವರು 15 ಜನ, ಹೆಚ್ಚಿನವರು ಆ ಇಥಿಯೋಪಿಯಾ ಮೂಲದವರೇ. 14 ಮಂದಿ ಆ ವರ್ಷದ ಅಭ್ಯರ್ಥಿಗಳಲ್ಲೊಬ್ಬರಾದ ಬರ್ನಿ ಸ್ಯಾಂಡರ್ಸ್ ಕಡೆ ಹೋಗಿ ನಿಂತರು. ಒಬ್ಬರು ಎದುರು ಬದಿಗೆ, ಒಂಟಿಯಾಗಿ. ಎಣಿಕೆ ಮುಗಿಯಿತು, ಅವರ ಪಾಳಿಯ ಹೊತ್ತು ಹತ್ತಿರವಾಗುತ್ತಿತ್ತು.