ಗುಮ್ಮನ್ನ ಕರೆಯೋದು ಬಿಟ್ಟು ನೋಡ್ರಿ: ಎರಡು ವರ್ಷದ ಕಂದನಿಂದ ಪಿಯುಸಿ ಮಗನವರೆಗೆ

[ದೃಶ್ಯ: ದಾವಣಗೆರೆ, ಸಂಜೆ. ಮಿರ್ಚಿ-ಮಂಡಕ್ಕಿ ಅಂಗಡಿ ಮುಂದೆ ಜನ. ಹಿನ್ನೆಲೆಯಲ್ಲಿ ಬೇರೆ ಬೇರೆ ದನಿಗಳು.]

"ಉಣ್ಣದಿದ್ರೆ ಗುಮ್ಮ ಬರ್ತಾನೆ!"
"ಅತ್ತರೆ ಪೊಲೀಸ್ನೋರಿಗೆ ಹಿಡಿದು ಕೊಡ್ತೀನಿ!"
"ಸುಮ್ನಿರ್ತೀಯೋ, ಸೂಜಿ ಹಾಕಿಸ್ಲೋ?"

ನಿರೂಪಕಿ: ನಮಸ್ಕಾರ. ಇದರಲ್ಲಿ ಒಂದು ಮಾತಾದ್ರೂ ಇವತ್ತು ನಿಮ್ಮನೇಲಿ ಕೇಳಿರುತ್ತೆ. ಬೈಯೋಕೆ ಬಂದಿಲ್ಲ, ಗಾಬರಿ ಆಗಬೇಡ್ರಿ. ಆದ್ರೆ ಈ ಮಾತುಗಳಲ್ಲಿ ಒಂದು ತೊಂದರೆ ಇದೆ. ಗುಮ್ಮ ಬರಲ್ಲ, ಪೊಲೀಸೂ ಬರಲ್ಲ. ನಾಲ್ಕು ಸಲ ಆದ್ಮೇಲೆ ಮಗುವಿಗೆ ಲೆಕ್ಕ ಸಿಕ್ಕಿಬಿಡುತ್ತೆ: ಅವ್ವ ಹೇಳ್ತಾಳೆ, ಮಾಡಲ್ಲ. ಅದಕ್ಕೇ ಐದನೇ ಸಲ ನೀವು ಕೂಗ್ಬೇಕಾಗುತ್ತೆ.

[ದೃಶ್ಯ: ಜಾತ್ರೆಯ ಜನಜಂಗುಳಿ, ಬಳೆ ಅಂಗಡಿ, ತೊಟ್ಟಿಲು.]

ಪೊಲೀಸ್ ವಿಷಯ ಮೊದಲು ಮುಗಿಸ್ತೀನಿ, ಅದು ಬರೀ ಶಿಸ್ತಿನ ಪ್ರಶ್ನೆ ಅಲ್ಲ. ನಮ್ಮೂರ ದುಗ್ಗಮ್ಮನ ಜಾತ್ರೆ ಇರಲಿ, ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತೇರು ಇರಲಿ, ಆ ನೂಕುನುಗ್ಗಲಲ್ಲಿ ಕೈ ಬಿಟ್ಟುಹೋದ ಮಗು ಯಾರ ಹತ್ರ ಹೋಗ್ಬೇಕು? ಖಾಕಿ ಹಾಕಿದವರ ಹತ್ರ. ಆದ್ರೆ ವರ್ಷಗಟ್ಟಲೆ ನಾವು ಹೇಳಿಕೊಟ್ಟಿರೋದು ಖಾಕಿ ಕಂಡ್ರೆ ಹೆದರು ಅಂತ. ಆ ಮಗು ಪೊಲೀಸ್ನೋರನ್ನ ನೋಡಿ ಇನ್ನೂ ಒಳಗೆ, ಅಂಗಡಿ ಸಂದಿಗೆ ಹೋಗಿ ಬಚ್ಚಿಟ್ಕೊಳ್ಳುತ್ತೆ.

ಹಂಗಾಗಿ ಜಾತ್ರೆಗೆ ಹೊರಡೋ ಮುಂಚೆ ಇಷ್ಟು ಮಾಡ್ರಿ. ಮಗುವಿನ ಮುಂಗೈ ಮೇಲೆ ನಿಮ್ಮ ಫೋನ್ ನಂಬರ್ ಪೆನ್ನಲ್ಲಿ ಬರೀರಿ. ಅವತ್ತು ಹಾಕಿರೋ ಬಟ್ಟೇಲೇ ಒಂದು ಫೋಟೋ ತೆಗೀರಿ. ಗಾಬರಿಯಲ್ಲಿ ಅಂಗಿ ಯಾವ ಬಣ್ಣ ಅನ್ನೋದೇ ನೆನಪಿಗೆ ಬರಲ್ಲ. ಮಗೂಗೆ ಹೇಳ್ರಿ: "ನಾನು ಕಾಣದಿದ್ರೆ ನಿಂತ ಜಾಗದಲ್ಲೇ ನಿಂತ್ಕೋ, ಜೋರಾಗಿ ಕೂಗು. ಪೊಲೀಸಣ್ಣನ ಹತ್ರ ಹೋಗು, ಇಲ್ಲಾಂದ್ರೆ ಮಕ್ಕಳ ಜೊತೆ ಇರೋ ಯಾವುದಾದ್ರೂ ಅಮ್ಮನ ಹತ್ರ." ಸ್ಕೂಲಿಗೆ ಹೋಗೋ ಮಕ್ಕಳಿಗೆ ನಂಬರನ್ನ ಹಾಡಿನ ಥರ ಕಲಿಸ್ರಿ, ಬಾಯಿಪಾಠ ಆಗಿಬಿಡುತ್ತೆ.

[ಪರದೆಯ ಮೇಲೆ: ಮಕ್ಕಳ ಸಹಾಯವಾಣಿ 1098 | ತುರ್ತು ಸಹಾಯ 112]

ಸರಿ, ಗುಮ್ಮ ಬೇಡ ಅಂದ್ರೆ ಏನು ಹೇಳೋದು? ಮಾಡೋಕಾಗೋದನ್ನ, ಮೊದಲೇ ಹೇಳೋದು. ಪಾರ್ಕಲ್ಲಿ ಜಾರುಬಂಡೆ ಆಡ್ತಿರೋ ಮೂರು ವರ್ಷದವಳನ್ನ ಸೀದಾ ಎತ್ಕೊಂಡ್ರೆ ಅಳದೇ ಏನು ಮಾಡ್ತಾಳೆ? "ಇನ್ನೆರಡು ಸಲ ಜಾರು, ಆಮೇಲೆ ಮನೆಗೆ." ಎರಡು ಸಲ ಎಣಿಸ್ರಿ, ಎದ್ದು ಹೊರಡ್ರಿ. ಅತ್ತರೂ ಹೊರಡ್ರಿ. ಒಂದು ವಾರ ಅಳ್ತಾಳೆ, ಆಮೇಲೆ ಅವಳೇ ಎಣಿಸ್ತಾಳೆ. ನೀವು "ಹೋಗ್ಲಿ, ಇನ್ನೊಂದ್ಸಲ" ಅಂದ್ರೋ, ಅತ್ತರೆ ಸಿಗುತ್ತೆ ಅನ್ನೋದನ್ನ ಕಲಿಸಿದ ಹಾಗೆ.

ಒಂದು ಮಾತು. ಎಷ್ಟೋ ಸಲ ರಂಪಾಟಕ್ಕೆ ಕಾರಣ ಹಟ ಅಲ್ಲ, ಹಸಿವು ಅಥವಾ ನಿದ್ದೆ. ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲು ನಿದ್ದೆನೂ ಸೇರಿ. ರಾತ್ರಿ ಹತ್ತೂವರೆಗೆ ಸಂಬಂಧಿಕರ ಮದುವೆ ರಿಸೆಪ್ಷನ್ನಲ್ಲಿ ಅಳೋ ಮಗೂಗೆ ಬುದ್ಧಿ ಹೇಳಿ ಏನು ಪ್ರಯೋಜನ? ಮನೆಗೆ ಕರ್ಕೊಂಡು ಹೋಗ್ರಿ.

[ದೃಶ್ಯ: ಅಡುಗೆಮನೆ. ಅಜ್ಜಿಯ ಕೈಯಲ್ಲಿ ತಟ್ಟೆ, ಮಗುವಿನ ಮುಂದೆ ಮೊಬೈಲ್.]

ಇನ್ನು ಊಟ. ಏನು, ಯಾವಾಗ ಬಡಿಸ್ಬೇಕು ಅನ್ನೋದು ನಿಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಹೊಟ್ಟೆಗೆ ಗೊತ್ತು. ಮೊಬೈಲ್ ಹಿಡಿದು ತುರುಕಿದ್ರೆ ಹೊಟ್ಟೆ ತುಂಬಿದ್ದೂ ಮಗೂಗೆ ತಿಳಿಯಲ್ಲ. ಎರಡು ವರ್ಷದ ಒಳಗೆ ಸ್ಕ್ರೀನ್ ಬೇಡ, ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇದನ್ನ ಅಜ್ಜಿಗೆ ಹೇಳೋವಾಗ ಸ್ವಲ್ಪ ನಯವಾಗಿ ಹೇಳ್ರಿ. ನೀವು ಕೆಲಸಕ್ಕೆ ಹೋದ್ಮೇಲೆ ದಿನವಿಡೀ ನೋಡ್ಕೊಳ್ಳೋರು ಅವರು. "ಅತ್ತೆ, ಮೊಬೈಲ್ ಇಲ್ಲದೆ ಎರಡೇ ತುತ್ತು ತಿಂದ್ರೂ ಸಾಕು, ನಾನೇನೂ ಅನ್ನಲ್ಲ" ಅಂದ್ರೆ ಅವರ ತಲೆ ಮೇಲಿನ ಭಾರನೂ ಇಳಿಯುತ್ತೆ.

ನಮ್ಮೂರಲ್ಲಿ ಸಂಜೆ ಆದ್ರೆ ಮಂಡಕ್ಕಿ ಬೇಕೇ ಬೇಕು. ಅದರಲ್ಲಿರೋ ಇಡೀ ಶೇಂಗಾ ಬೀಜ ನಾಲ್ಕು-ಐದು ವರ್ಷದ ಒಳಗಿನ ಮಕ್ಕಳಿಗೆ ಅಪಾಯ. ನಗ್ತಾ ಓಡ್ತಾ ತಿಂದ್ರೆ ಶ್ವಾಸನಾಳದಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಶೇಂಗಾ ಬೇಡ ಅಂತಲ್ಲ, ಪುಡಿ ಮಾಡಿ ಕೊಡ್ರಿ. ಹಾಗೇ, ಒಂದು ವರ್ಷ ತುಂಬೋವರೆಗೆ ಜೇನುತುಪ್ಪ ನೆಕ್ಕಿಸಬೇಡ್ರಿ, ಯಾರು ಹೇಳಿದ್ರೂ ಸರಿ.

[ದೃಶ್ಯ: ಸ್ಕೂಲ್ ಬ್ಯಾಗ್, ತೊಳೆದು ಬೋರಲು ಹಾಕಿದ ಟಿಫಿನ್ ಡಬ್ಬಿ.]

ಆರರಿಂದ ಹನ್ನೆರಡು ವರ್ಷದವರಿಗೆ ಉಪದೇಶ ಕಡಿಮೆ ಮಾಡಿ ಕೆಲಸ ಕೊಡ್ರಿ. ಟಿಫಿನ್ ಡಬ್ಬಿ ತೊಳೆಯೋದು, ಬ್ಯಾಗ್ ರೆಡಿ ಮಾಡ್ಕೊಳ್ಳೋದು. ಪುಸ್ತಕ ಮರೆತ್ರೆ ಗಾಡಿ ಹತ್ತಿ ಸ್ಕೂಲಿಗೆ ಓಡಬೇಡ್ರಿ. ಟೀಚರ್ ಒಂದು ಮಾತು ಅಂತಾರೆ, ನಾಳೆ ನೆನಪಿರುತ್ತೆ. ಗಂಡು ಮಕ್ಕಳಿಗೂ ಇದೇ ಕೆಲಸ, ಅದನ್ನ ಬಾಯಿಬಿಟ್ಟು ಹೇಳ್ಬೇಕಾಗಿ ಬಂದಿರೋದೇ ಬೇಜಾರು.

ಮಗ ಮಾರ್ಕ್ಸ್ ಕಾರ್ಡ್ ಮುಚ್ಚಿಟ್ಟ ಅಂತ ಬೈಯೋರು, ಹೋದ ಸಲ ಅದನ್ನ ತಂದು ಕೊಟ್ಟಾಗ ಮನೇಲಿ ಏನಾಯ್ತು ಅಂತ ಒಂದ್ಸಲ ನೆನಪು ಮಾಡ್ಕೊಳ್ರಿ. "ನಿಜ ಹೇಳು, ಹೊಡೆಯಲ್ಲ" ಅಂತ ಹೇಳಿ, ನಿಜ ಹೇಳಿದ್ಮೇಲೆ ಹೊಡೆದಿದ್ರೆ, ಸುಳ್ಳು ಕಲಿಸಿದ್ದು ಯಾರು?

[ದೃಶ್ಯ: ಕುಂದವಾಡ ಕೆರೆ ದಂಡೆ. ಅಪ್ಪ, ಮಗ ನಡೀತಿದ್ದಾರೆ.]

ಹದಿನೈದು ದಾಟಿದವರನ್ನ ಎದುರು ಕೂರಿಸಿ "ಏನಾಯ್ತು ಹೇಳು" ಅಂದ್ರೆ "ಏನಿಲ್ಲ" ಅಂತಾರೆ. ಕುಂದವಾಡ ಕೆರೆ ಸುತ್ತ ಒಂದು ರೌಂಡ್ ಹೋಗ್ರಿ. ಮುಖ ಮುಖ ನೋಡ್ಬೇಕಾಗಿಲ್ಲದಿದ್ರೆ ಮಾತು ತಾನಾಗೇ ಬರುತ್ತೆ. ಅರ್ಧ ದಾರಿ ಸುಮ್ಮನೆ ನಡೆದ್ರೂ ಚಿಂತೆ ಇಲ್ಲ, ಕಟ್ ಆಫ್ ವಿಷಯ ಮಾತ್ರ ತೆಗೀಬೇಡ್ರಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಾಗಾಗಿ ರಾತ್ರಿ ಫೋನ್ ಚಾರ್ಜಿಂಗ್ ಹಾಲ್‌ನಲ್ಲಿ. ನಿಮ್ಮ ಫೋನೂ ಅಲ್ಲೇ. ನಿಮ್ಮದು ದಿಂಬಿನ ಪಕ್ಕ ಇದ್ರೆ ಈ ನಿಯಮ ಎರಡು ದಿನಾನೂ ನಿಲ್ಲಲ್ಲ.

ಕೊನೇದು ಗಾಡಿ. "ಟ್ಯೂಷನ್ ಇಲ್ಲೇ ಪಕ್ಕದಲ್ಲಿ, ಸ್ಕೂಟಿ ತಗೊಂಡು ಹೋಗ್ಲಿ ಬಿಡ್ರಿ" ಅನ್ನೋ ಅಪ್ಪಂದಿರೇ, ಕೇಳ್ರಿ. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ಲೈಸೆನ್ಸ್ ಇಲ್ಲದ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕಿಬಿದ್ರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಗಾಡಿ ನೋಂದಣಿ ಒಂದು ವರ್ಷ ರದ್ದು, ಮಗೂಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಇಲ್ಲ.

ಸ್ಕೂಟಿ ಮುಂದೆ ಎರಡು ವರ್ಷದ ಮಗೂನ ನಿಲ್ಲಿಸ್ಕೊಂಡು ಹೋಗೋರಿಗೂ 2022ರ ನಿಯಮ ಇದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನ ಸೇಫ್ಟಿ ಬೆಲ್ಟಿಂದ ಸವಾರರಿಗೆ ಕಟ್ಟಿರಬೇಕು, ತಲೆಗೆ ಅಳತೆಯ ಹೆಲ್ಮೆಟ್ ಹಾಕಿರಬೇಕು, ವೇಗ 40 ಕಿಲೋಮೀಟರ್ ದಾಟಬಾರದು. ನಾಲ್ಕು ದಾಟಿದವರಿಗೂ ಹೆಲ್ಮೆಟ್ ಬೇಕು. ಮಗುವಿನ ಹೆಲ್ಮೆಟ್ ತರೋಕೆ ಹೋದಾಗ ಅವರನ್ನೇ ಕರ್ಕೊಂಡು ಹೋಗ್ರಿ, ಬಣ್ಣ ಅವರೇ ಆರಿಸ್ಲಿ. ಅಲ್ಲಿಗೆ ಹೋಗೋವಾಗ ನಿಮ್ಮ ತಲೆ ಮೇಲೂ ಒಂದು ಇರಲಿ.