ಊರಿನ ಕೆಲಸ, ಕಾಲೇಜಿನ ವೇಳಾಪಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯ ಹುಡುಗ ಹುಡುಗಿಯರಿಗೆ ಸ್ವಯಂಸೇವೆ ಹೊಸತೇನಲ್ಲ. ಊರ ದೇವಸ್ಥಾನದ ಬ್ರಹ್ಮಕಲಶವಿರಲಿ, ಉಡುಪಿಯ ಪರ್ಯಾಯವಿರಲಿ, ಉಳ್ಳಾಲದ ಉರೂಸ್ ಇರಲಿ, ಅತ್ತೂರಿನ ಸಾಂತ್‌ಮಾರಿಯಿರಲಿ, ಹೊರೆಕಾಣಿಕೆ ಇಳಿಸುವುದಕ್ಕೂ ಪಂಕ್ತಿಯಲ್ಲಿ ಬಡಿಸುವುದಕ್ಕೂ ವಾಹನಗಳಿಗೆ ಜಾಗ ತೋರಿಸುವುದಕ್ಕೂ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅವರೇ ಮುಂದೆ ಕಾಲೇಜು ಸೇರಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವನ್ನೋ ಯುವ ರೆಡ್‌ಕ್ರಾಸನ್ನೋ ರೋಟರ‍್ಯಾಕ್ಟ್ ಕ್ಲಬ್ಬನ್ನೋ ಪರಿಸರ ಸಂಘವನ್ನೋ ಸೇರುತ್ತಾರೆ. ಹಾಗಾಗಿ ಸೇವೆಯ ಮಹತ್ವವನ್ನು ಕುರಿತು ಉಪದೇಶ ಮಾಡುವ ಉದ್ದೇಶ ನನಗಿಲ್ಲ. ವಿದ್ಯಾರ್ಥಿ ಸಂಘಗಳು ಊರಿನಲ್ಲಿ ಕೆಲಸಕ್ಕೆ ಇಳಿಯುವಾಗ ಅದನ್ನು ಯಾವ ಹೊತ್ತಿಗೆ ಮಾಡಬೇಕು, ಮಾಡಿದ್ದನ್ನು ಯಾರ ಕೈಗೆ ಒಪ್ಪಿಸಿ ಹೋಗಬೇಕು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು. ಆಗ ಕೇಂದ್ರದ ಶಿಕ್ಷಣ ಸಚಿವರಾಗಿದ್ದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಅದಕ್ಕೆ ಚಾಲನೆ ಕೊಟ್ಟರು. ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡಬೇಕು, ಹಳ್ಳಿಯೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು ಎಂಬುದು ನಿಯಮ. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಗಂಟೆಗಳನ್ನು ಲೆಕ್ಕವಿಡುವ ಪುಸ್ತಕ ಕಾಲೇಜಿನ ಕಪಾಟಿನಲ್ಲಿರುತ್ತದೆ, ಕೆಲಸ ಮಾತ್ರ ಮಳೆ, ಬಿಸಿಲು ಮತ್ತು ಉಬ್ಬರ ಇಳಿತಗಳಿಗೆ ಸರಿಯಾಗಿ ನಡೆಯಬೇಕಾಗುತ್ತದೆ.

ಇದಕ್ಕೆ ತೋಡಿನ, ಅಂದರೆ ಸಣ್ಣ ಹಳ್ಳದ, ಕಟ್ಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮುರಕಲ್ಲಿನ ನೆಲವಾದ್ದರಿಂದ ನೀರು ಬೇಗ ಇಳಿದು, ತೋಡುಗಳಲ್ಲಿ ಹರಿದು, ನೋಡನೋಡುತ್ತಿದ್ದಂತೆ ಸಮುದ್ರ ಸೇರುತ್ತದೆ. 2019ರ ಬೇಸಗೆಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆಯ ಅಣೆಕಟ್ಟಿನಲ್ಲೂ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೂ ನೀರು ತಳ ಕಂಡು, ಎರಡೂ ನಗರಗಳು ಸರದಿಯ ಮೇಲೆ ನೀರು ಹಿಡಿದದ್ದು ಹಲವರಿಗೆ ನೆನಪಿರಬಹುದು. ಹಿಂದಿನವರು ಮಳೆ ನಿಂತ ಕೂಡಲೇ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳ ಕಟ್ಟ ಹಾಕಿ ಹರಿಯುವ ನೀರನ್ನು ತಡೆಯುತ್ತಿದ್ದರು. ಆ ನೀರು ನೆಲದಲ್ಲಿ ಇಂಗಿ ಆಚೀಚೆಯ ಬಾವಿಗಳಿಗೆ ಒರತೆಯಾಗುತ್ತಿತ್ತು. ಈಗ ಹಲವು ಕಡೆ ಸರ್ಕಾರವೇ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿದೆ. ಆದರೆ ಕಿಂಡಿಗಳಿಗೆ ಹಲಗೆ ಇಳಿಸುವವರಿಲ್ಲದೆ ಎಷ್ಟೋ ಅಣೆಕಟ್ಟುಗಳು ಬರಿಯ ಕಾಲುಸಂಕದಂತೆ ನಿಂತಿವೆ. ಗಟ್ಟಿ ಮೈಯ ಗಂಡಾಳುಗಳು ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ಊರಿನಲ್ಲಿ ಉಳಿದವರಿಗೆ ವಯಸ್ಸಾಗಿದೆ.

ವಿದ್ಯಾರ್ಥಿಗಳ ಕೈ ಬೇಕಾಗುವುದು ಇಲ್ಲಿ. ಹಲಗೆ ಇಳಿಸುವ ಕೆಲಸ ನೋಡುವುದಕ್ಕೆ ಸುಲಭ, ಆದರೆ ಅದರಲ್ಲಿ ಕಸುಬುದಾರಿಕೆಯಿದೆ. ಕಂಬಗಳಲ್ಲಿ ಬಿಟ್ಟಿರುವ ಸೀಳುಗಳಲ್ಲಿ ಸೇರಿಕೊಂಡ ಕಸಕಡ್ಡಿಯನ್ನು ಮೊದಲು ಕೆರೆದು ತೆಗೆಯಬೇಕು. ಬಳಿಕ ಎರಡು ಸಾಲಾಗಿ ಹಲಗೆಗಳನ್ನು ಇಳಿಸಿ, ಆ ಸಾಲುಗಳ ನಡುವೆ ಜೇಡಿಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಕಾಲಿನಿಂದ ಮೆಟ್ಟಬೇಕು. ಒಂದೇ ಸಲಕ್ಕೆ ಮಣ್ಣು ಸುರಿದರೆ ಒಳಗೆ ಟೊಳ್ಳು ಉಳಿದು ಮರುದಿನವೇ ನೀರು ದಾರಿ ಮಾಡಿಕೊಳ್ಳುತ್ತದೆ. ಅಣೆಕಟ್ಟಿಲ್ಲದ ಸಣ್ಣ ತೋಡಾದರೆ ಖಾಲಿ ಸಿಮೆಂಟ್ ಚೀಲಗಳಿಗೆ ಮರಳು ಮಣ್ಣು ತುಂಬಿ ಅಡ್ಡ ಪೇರಿಸುತ್ತಾರೆ. ಚೀಲವನ್ನು ಬಾಯಿತುಂಬ ತುಂಬಬಾರದು, ಮುಕ್ಕಾಲು ತುಂಬಿ ಬಾಯಿ ಹೊಲಿದರೆ ಮಾತ್ರ ಒಂದು ಚೀಲ ಇನ್ನೊಂದರ ಮೇಲೆ ಒತ್ತಿ ಕೂರುತ್ತದೆ. ಕೆಳಸಾಲಿನ ಎರಡು ಚೀಲಗಳ ಸಂದಿಯ ಮೇಲೆ ಮೇಲುಸಾಲಿನ ಚೀಲ ಬರಬೇಕು. ದಡದಲ್ಲಿ ಏಡಿಯ ಬಿಲವಿದ್ದರೆ ಮುಚ್ಚಬೇಕು, ಇಲ್ಲವಾದರೆ ಕಟ್ಟ ಗಟ್ಟಿಯಾಗಿದ್ದರೂ ನೀರು ಪಕ್ಕದಿಂದ ಸೋರಿ ಹೋಗುತ್ತದೆ. ಇವನ್ನೆಲ್ಲ ಹೇಳಿಕೊಡುವವರು ಆ ತೋಡಿನ ಬದಿಯ ಹಿರಿಯ ಕೃಷಿಕರು. ಎಂಜಿನಿಯರಿಂಗ್ ಓದುವ ಹುಡುಗರು ಅವರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ ಕಲಿಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಈ ಕೆಲಸಕ್ಕೆ ತಕ್ಕ ಹೊತ್ತು ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರಗಳವರೆಗೆ. ಮೊದಲೇ ಕಟ್ಟಿದರೆ ಹಿಂಗಾರಿನ ಒಂದು ಮಳೆಗೆ ಕೊಚ್ಚಿ ಹೋಗುತ್ತದೆ. ತಡವಾಗಿ, ಅಂದರೆ ಶಿಬಿರಕ್ಕೆ ಅನುಕೂಲವೆಂದು ಫೆಬ್ರುವರಿಯಲ್ಲಿ ಕಟ್ಟಿದರೆ ತಡೆಯುವುದಕ್ಕೆ ನೀರೇ ಉಳಿದಿರುವುದಿಲ್ಲ. ಆದರೆ ಹಲವು ಕಾಲೇಜುಗಳಲ್ಲಿ ನವೆಂಬರ್, ಡಿಸೆಂಬರ್ ಎಂದರೆ ಆಂತರಿಕ ಪರೀಕ್ಷೆ, ಸೆಮಿಸ್ಟರ್ ಪರೀಕ್ಷೆ, ವಾರ್ಷಿಕೋತ್ಸವದ ತಯಾರಿ. ಇನ್ನೊಂದು ತೊಡಕು ಮೇ ತಿಂಗಳದು. ಇಳಿಸಿದ ಹಲಗೆಗಳನ್ನು ಮುಂಗಾರು ಬರುವ ಮೊದಲು ಎತ್ತಿ, ತೊಳೆದು, ನೆರಳಿನಲ್ಲಿ ಒಟ್ಟಿ ಇಡಬೇಕು. ಬಿಟ್ಟರೆ ಜೂನಿನ ಮೊದಲ ನೆರೆ ಹಲಗೆಗಳನ್ನು ಒಯ್ಯುತ್ತದೆ, ಅಥವಾ ಕಸ ಸಿಕ್ಕಿಕೊಂಡು ನೀರು ಉಕ್ಕಿ ಪಕ್ಕದ ತೋಟದ ದಡವನ್ನೇ ಕೊರೆಯುತ್ತದೆ. ಹಲಗೆ ಇಳಿಸುವ ದಿನ ಫೋಟೊ ತೆಗೆಯುವುದಕ್ಕೆ ಪತ್ರಿಕೆಯವರು ಬರುತ್ತಾರೆ, ಅಧ್ಯಕ್ಷರು ಬರುತ್ತಾರೆ. ಎತ್ತುವ ದಿನ ಹಾಸ್ಟೆಲಿಗೆ ಬೀಗ ಬಿದ್ದಿರುತ್ತದೆ. ಒಂದು ವಿದ್ಯಾರ್ಥಿ ಸಂಘದ ಗುಣವನ್ನು ಅಳೆಯಬೇಕೆಂದರೆ ನಾನು ಅದರ ನವೆಂಬರ್ ತಿಂಗಳ ಫೋಟೊಗಳನ್ನು ಕೇಳುವುದಿಲ್ಲ, ಮೇ ತಿಂಗಳಲ್ಲಿ ಹಲಗೆ ಎತ್ತಿದವರು ಯಾರೆಂದು ಕೇಳುತ್ತೇನೆ.

ಇದಕ್ಕೊಂದು ಪರಿಹಾರ ನಮ್ಮ ಕಾಲೇಜುಗಳ ಒಳಗೇ ಇದೆ. ಪದವಿ ಕಾಲೇಜುಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ಸುತ್ತಲಿನ ಊರುಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು, ರಜೆಯಲ್ಲಿ ಮನೆಯಲ್ಲೇ ಇರುವವರು. ಸುರತ್ಕಲ್ ಅಥವಾ ಮಣಿಪಾಲದಂತಹ ಕಡೆಗಳಲ್ಲಿ ಓದುವವರು ಬಹಳಷ್ಟು ಮಂದಿ ದೂರದಿಂದ ಬಂದು ಹಾಸ್ಟೆಲಿನಲ್ಲಿ ಉಳಿದವರು. ಹೊರಗಿನವರ ಸಂಘಕ್ಕೆ ಹಣ, ವಾಹನ, ತಾಂತ್ರಿಕ ತಿಳಿವಳಿಕೆ ಹೆಚ್ಚು. ಊರ ಕಾಲೇಜಿನವರಿಗೆ ದಾರಿ ಗೊತ್ತು, ಭಾಷೆ ಗೊತ್ತು, ರಜೆಯಲ್ಲೂ ಕೈಗೆ ಸಿಗುತ್ತಾರೆ. ಇವರಿಬ್ಬರೂ ಒಂದೇ ತೋಡನ್ನು ಹಂಚಿಕೊಂಡರೆ ನವೆಂಬರಿನ ಕೆಲಸಕ್ಕೂ ಮೇ ತಿಂಗಳ ಕೆಲಸಕ್ಕೂ ಜನ ಸಿಗುತ್ತದೆ. ಆದರೆ ನಮ್ಮಲ್ಲಿ ಸಂಘಗಳು ಒಂದು ಇನ್ನೊಂದರ ಬ್ಯಾನರಿನ ಕೆಳಗೆ ನಿಲ್ಲುವುದಕ್ಕೆ ಅದೇಕೋ ಹಿಂಜರಿಯುತ್ತವೆ.

ಕೈಗೆ ಒಪ್ಪಿಸುವ ಪ್ರಶ್ನೆಗೆ ಬರುತ್ತೇನೆ. ವಿದ್ಯಾರ್ಥಿ ಸಂಘದ ಸ್ವಭಾವವೇ ಹಾಗೆ, ಮೂರು ನಾಲ್ಕು ವರ್ಷಗಳಲ್ಲಿ ಸದಸ್ಯರೆಲ್ಲ ಬದಲಾಗುತ್ತಾರೆ, ಪದಾಧಿಕಾರಿಗಳು ವರ್ಷವರ್ಷವೂ ಬದಲಾಗುತ್ತಾರೆ. ಊರಿನ ಅಗತ್ಯಗಳಿಗೆ ಅಷ್ಟು ಅವಸರವಿಲ್ಲ. ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಹತ್ತಿರವೇ ಇರುವ ಹರೇಕಳದಲ್ಲಿ, ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಬದುಕಿದ ಹಾಜಬ್ಬರು ತಮ್ಮೂರಿಗೆ ಶಾಲೆ ಬೇಕೆಂದು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ನಾಡೆಲ್ಲ ಸಂತೋಷಪಟ್ಟಿತು. ಅಷ್ಟು ದೀರ್ಘ ಕಾಲ ಒಂದೇ ಕೆಲಸದ ಬೆನ್ನು ಹತ್ತುವುದು ಯಾವ ವಿದ್ಯಾರ್ಥಿಗೂ ಸಾಧ್ಯವಿಲ್ಲ, ಅವರಿಂದ ಅದನ್ನು ನಿರೀಕ್ಷಿಸುವುದೂ ತಪ್ಪು. ಆದರೆ ಸಂಘಕ್ಕೆ ಅದು ಸಾಧ್ಯ, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದರೆ. ಅದಕ್ಕೆ ಬೇಕಾದದ್ದು ಒಂದು ದಪ್ಪ ನೋಟ್‌ಬುಕ್ಕು. ಯಾವ ತೋಡು, ಯಾರ ಜಾಗ, ಎಷ್ಟು ಹಲಗೆ, ಎಷ್ಟು ಮುರಿದಿವೆ, ಯಾರ ಮನೆಯ ಕೊಟ್ಟಿಗೆಯಲ್ಲಿ ಇರಿಸಿದೆ, ಕಳೆದ ವರ್ಷ ಎಲ್ಲಿ ಸೋರಿತು ಎಂದು ಅದರಲ್ಲಿ ಬರೆದಿರಬೇಕು. ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಇದೆ ಎನ್ನುತ್ತಾರೆ. ಅಡ್ಮಿನ್ ಪದವಿ ಮುಗಿಸಿ ಬೆಂಗಳೂರು ಸೇರಿದ ಮೇಲೆ ಆ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯಗಳಷ್ಟೇ ಉಳಿಯುತ್ತವೆ. ಶಿಬಿರಗಳಲ್ಲಿ ತೋಡುವ ಇಂಗುಗುಂಡಿಗಳ ಗತಿಯೂ ಬೇರೆಯಲ್ಲ. ಒಂದು ಮಳೆಗಾಲ ಕಳೆದರೆ ತರಗೆಲೆ, ಹೂಳು ತುಂಬಿ ಗುಂಡಿ ನೆಲಸಮವಾಗುತ್ತದೆ. ಹೊಸ ತಂಡ ಹಳೆಯದನ್ನು ಕೆರೆದು ಸರಿಮಾಡುವುದನ್ನು ಬಿಟ್ಟು ಪಕ್ಕದಲ್ಲೇ ಹೊಸದೊಂದನ್ನು ತೋಡುತ್ತದೆ, ಏಕೆಂದರೆ ವರದಿಯಲ್ಲಿ ಬರೆಯುವುದಕ್ಕೆ ಹೊಸದೇ ಬೇಕು.

ರಕ್ತದಾನದಲ್ಲೂ ಹೊತ್ತಿನ ಪ್ರಶ್ನೆಯಿದೆ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕೊಟ್ಟ ರಕ್ತದಿಂದ ಬೇರ್ಪಡಿಸಿದ ಕೆಂಪು ಕಣಗಳನ್ನು ಸುಮಾರು ಆರು ವಾರ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು ಮಾತ್ರ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಡೆಂಗಿ ಜ್ವರ ನಮ್ಮಲ್ಲಿ ಹೆಚ್ಚುವುದು ಮಳೆಗಾಲದಲ್ಲಿ, 2019ರಲ್ಲಿ ಮಂಗಳೂರು ಅದರ ಬಿಸಿಯನ್ನು ಚೆನ್ನಾಗಿಯೇ ಅನುಭವಿಸಿತು. ಹೀಗಿರುವಾಗ ಕಾಲೇಜಿನ ಸ್ಥಾಪನಾ ದಿನದಂದು ಒಂದೇ ಬೆಳಗ್ಗೆ ನೂರಾರು ಬಾಟಲಿ ಸಂಗ್ರಹಿಸಿ ಬೀಗುವುದಕ್ಕಿಂತ, ಅದೇ ದಾನಿಗಳನ್ನು ನಾಲ್ಕು ಗುಂಪು ಮಾಡಿ, ವೆನ್ಲಾಕಿನಂತಹ ಸರ್ಕಾರಿ ಆಸ್ಪತ್ರೆಯ ರಕ್ತನಿಧಿಯವರನ್ನು ಕೇಳಿ, ಅವರು ಹೇಳಿದ ವಾರದಲ್ಲಿ ಕಳಿಸುವುದು ಹೆಚ್ಚು ಪ್ರಯೋಜನಕಾರಿ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ದಾನಿಗಳು ಕಡಿಮೆಯಾಗುತ್ತಾರೆ. ಆಗ ಊರಲ್ಲೇ ಇರುವವರ ಪಟ್ಟಿ ಮಾರ್ಚಿನಲ್ಲೇ ತಯಾರಾಗಿರಬೇಕು.

ಕಡಲ ಕಿನಾರೆಯ ಸ್ವಚ್ಛತೆಯ ಬಗ್ಗೆ ಒಂದೇ ಮಾತು. ಪಣಂಬೂರು, ತಣ್ಣೀರುಬಾವಿ, ಮಲ್ಪೆಗಳಲ್ಲಿ ಹೆಕ್ಕಿದ ಬಲೆಯ ತುಂಡು, ಥರ್ಮಾಕೋಲು, ಬಾಟಲಿಗಳ ಚೀಲವನ್ನು ಸಂಜೆಯೊಳಗೆ ಯಾರು ಒಯ್ಯುತ್ತಾರೆ ಎಂದು ಮಹಾನಗರಪಾಲಿಕೆಯನ್ನೋ ನಗರಸಭೆಯನ್ನೋ ಮೊದಲೇ ಕೇಳಿಕೊಳ್ಳದೆ ಹೋಗಬಾರದು. ಚೀಲಗಳನ್ನು ಮರಳಿನಲ್ಲೇ ಬಿಟ್ಟು ಬಂದರೆ ರಾತ್ರಿ ನಾಯಿಗಳು ಹರಿಯುತ್ತವೆ, ಬೆಳಗ್ಗಿನ ಗಾಳಿ ಉಳಿದ ಕೆಲಸ ಮಾಡುತ್ತದೆ. ಉಡುಪಿ ಜಿಲ್ಲೆಯ ಪಂಚಾಯತಿಗಳ ಒಣಕಸವನ್ನು ಬೇರ್ಪಡಿಸುವುದಕ್ಕೆ ನಿಟ್ಟೆಯಲ್ಲಿ ದೊಡ್ಡ ಘಟಕವಿದೆ. ಕಸ ಹೆಕ್ಕುವ ಮೊದಲು ವಿದ್ಯಾರ್ಥಿಗಳು ಅಂಥ ಘಟಕವನ್ನು ಒಮ್ಮೆ ನೋಡಿ ಬಂದರೆ ಯಾವುದನ್ನು ಯಾವ ಚೀಲಕ್ಕೆ ಹಾಕಬೇಕೆಂದು ಹೇಳಿಕೊಡಬೇಕಾಗುವುದಿಲ್ಲ.

ಇನ್ನು ಮನೆಯಲ್ಲಿ ಒಂಟಿಯಾಗಿರುವ ಹಿರಿಯರು. ಮಕ್ಕಳು ಪರವೂರಿನಲ್ಲಿರುವ ಮನೆಗಳು ನಮ್ಮ ಪ್ರತಿ ಗ್ರಾಮದಲ್ಲೂ ಇವೆ. ಅಲ್ಲಿಗೆ ಹಣ್ಣು ಹಿಡಿದುಕೊಂಡು ಗುಂಪಾಗಿ ಹೋಗಿ ಹಾಡು ಹಾಡಿ ಬರುವುದನ್ನು ನಾನು ಅಷ್ಟಾಗಿ ಮೆಚ್ಚುವುದಿಲ್ಲ. ಅವರಿಗೆ ಬೇಕಾದದ್ದು ಸಣ್ಣ ಸಣ್ಣ ಕೆಲಸಗಳು. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿವರ್ಷ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು, 80 ದಾಟಿದವರು ಅಕ್ಟೋಬರಿನಲ್ಲೇ ಸಲ್ಲಿಸಬಹುದು. 2014ರಿಂದ ಇದನ್ನು ಡಿಜಿಟಲ್ ಆಗಿಯೂ ಮಾಡಬಹುದಾಗಿದೆ, ಈಗ ಸ್ಮಾರ್ಟ್‌ಫೋನಿನಲ್ಲಿ ಮುಖ ತೋರಿಸಿದರೂ ಸಾಕಾಗುತ್ತದೆ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಅಜ್ಜಿಯೊಬ್ಬರ ಚಾವಡಿಯಲ್ಲಿ ಕುಳಿತು ಇದನ್ನು ಮಾಡಿಕೊಡುವುದಕ್ಕೆ ವಿದ್ಯಾರ್ಥಿನಿಯೊಬ್ಬಳಿಗೆ ಹೆಚ್ಚು ಹೊತ್ತು ಬೇಡ. ಆದರೆ ಒಂದು ಕಟ್ಟುನಿಟ್ಟು ಇರಲೇಬೇಕು: ಒಬ್ಬರೇ ಹೋಗಬಾರದು, ಮನೆಯವರೋ ನೆರೆಯವರೋ ಜೊತೆಗಿರಬೇಕು, ಬ್ಯಾಂಕಿನ ಗುಪ್ತಸಂಖ್ಯೆಯನ್ನು ಕೇಳಲೂಬಾರದು, ಅವರಾಗಿ ಹೇಳಹೊರಟರೂ ಕೇಳಿಸಿಕೊಳ್ಳಬಾರದು. ಹೋಗುವ ಜೋಡಿಯಲ್ಲಿ ಒಬ್ಬರಿಗಾದರೂ ಆ ಮನೆಯ ಮಾತು, ಅದು ತುಳುವಿರಲಿ, ಬ್ಯಾರಿಯಿರಲಿ, ಕೊಂಕಣಿಯಿರಲಿ, ಬರಬೇಕು. ಶಿಷ್ಟ ಕನ್ನಡದಲ್ಲಿ ಕೇಳಿದರೆ ಅಜ್ಜಿ ಎಲ್ಲದಕ್ಕೂ ಹೂಂ ಎಂದು ತಲೆಯಾಡಿಸಿ ಕಳಿಸುವ ಸಂಭವವೇ ಹೆಚ್ಚು.

ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳಬೇಕಾದವರು ಊರವರು. ಅವರನ್ನು ಕೇಳುವುದಕ್ಕೆ ಬೇರೆ ಸಭೆ ಕರೆಯುವ ಅಗತ್ಯವಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾನೂನೇ ಹೇಳುತ್ತದೆ, ಅದಕ್ಕೆ ಮುನ್ನ ವಾರ್ಡ್ ಸಭೆಗಳಿರುತ್ತವೆ. ಸಂಘದ ಇಬ್ಬರು ಸದಸ್ಯರು ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಯಾವ ತೋಡಿನ ಹಲಗೆ ಮುರಿದಿದೆ, ಯಾವ ಅಂಗನವಾಡಿಯ ಆವರಣಗೋಡೆ ಕುಸಿದಿದೆ, ಯಾವ ದಾರಿಯ ಚರಂಡಿ ಕಟ್ಟಿದೆ ಎಂಬ ಜಗಳವನ್ನೆಲ್ಲ ಕಿವಿಗೊಟ್ಟು ಕೇಳಿ ಬರೆದುಕೊಂಡು ಬರಲಿ. ಮಳೆಗಾಲದ ನಡುವೆ ಕಾಲೇಜಿನಲ್ಲಿ ವರ್ಷದ ಕಾರ್ಯಕ್ರಮ ಪಟ್ಟಿ ಮಾಡುವಾಗ ಆ ಬರಹವನ್ನು ಮೇಜಿನ ಮೇಲಿಟ್ಟುಕೊಂಡರೆ, ಪಟ್ಟಿಯಲ್ಲಿ ನವೆಂಬರಿಗೂ ಮೇ ತಿಂಗಳಿಗೂ ಏನನ್ನು ಬರೆಯಬೇಕೆಂಬುದು ಅಲ್ಲಿಯೇ ಸಿಗುತ್ತದೆ.

ನಮಸ್ಕಾರ.