0.68 ಬರಬೇಕಿತ್ತು, 0.53 ಬಂತು

ಎಲ್ಲರಿಗೂ ನಮಸ್ಕಾರ. ಹೊಸ ಲ್ಯಾಬ್ ಶುರುವಾಗುವ ದಿನ ನನ್ನನ್ನು ಕರೆದಿದ್ದೀರಿ, ತುಂಬಾ ಖುಷಿಯಾಯಿತು. ಬೆಳಿಗ್ಗೆ ಬಂದವನೇ ಮೊದಲು ನಿಮ್ಮ ರೆಕಾರ್ಡ್ ಪುಸ್ತಕಗಳನ್ನು ತಿರುವಿ ನೋಡಿದೆ. ಬರಹ ಮುತ್ತು ಪೋಣಿಸಿದ ಹಾಗಿದೆ. ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಥಿಯರೆಟಿಕಲ್ ಕಾಲಮ್‌ನಲ್ಲಿ 1.59 ಕಿಲೋಹರ್ಟ್ಸ್. ಪ್ರಾಕ್ಟಿಕಲ್ ಕಾಲಮ್‌ನಲ್ಲೂ 1.59. ಪುಟ ಮಗುಚಿದರೆ ಅಲ್ಲೂ ಹಾಗೇ. 5 ಪರ್ಸೆಂಟ್ ರೆಸಿಸ್ಟರ್, 10 ಪರ್ಸೆಂಟ್ ಕೆಪಾಸಿಟರ್ ಹಾಕಿ ಮೂರನೇ ಅಂಕಿಯವರೆಗೂ ಹೊಂದಿಬಿಟ್ಟಿತೇ? ನಗಬೇಡಿ, ಹಿಂದಿನ ಬೆಂಚಿನವರೇ ಜಾಸ್ತಿ ನಗುತ್ತಿದ್ದೀರಿ.

ರೀಡಿಂಗ್ ಕುಕ್ ಮಾಡುವುದು, ಅಂದರೆ ಅಳೆಯದೆಯೇ ಅಂಕಿ ಹುಟ್ಟಿಸುವುದು, ನಮ್ಮ ಕಾಲದಲ್ಲೂ ಇತ್ತು. ಆದರೆ ಆಗ ಕುಕ್ ಮಾಡಲು ಲೆಕ್ಕವಾದರೂ ಬರಬೇಕಿತ್ತು. ಈಗ ಸಿಮ್ಯುಲೇಟರ್, ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ತೋರಿಸುವ ಸಾಫ್ಟ್‌ವೇರ್, ಅಂಕಿಯನ್ನೂ ಕೊಡುತ್ತದೆ, ಗ್ರಾಫನ್ನೂ ಕೊಡುತ್ತದೆ. ಅದಕ್ಕೇ ಇವತ್ತು ನಾನು ಕೇಳಬೇಕೆಂದಿರುವುದು ಒಂದೇ ಪ್ರಶ್ನೆ. ಸಿಮ್ಯುಲೇಟರ್‌ಗೂ ಟೇಬಲ್ ಮೇಲೆ ಕಟ್ಟಿದ ಸರ್ಕ್ಯೂಟಿಗೂ ವ್ಯತ್ಯಾಸ ಎಷ್ಟು ಬಂತು? ಯಾಕೆ ಬಂತು?

ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಬಿನಲ್ಲಿ ಮೂರನೇ ಸೆಮಿಸ್ಟರ್ ಹುಡುಗಿಯೊಬ್ಬಳು ಏಸ್ಟೇಬಲ್ ಮಲ್ಟಿವೈಬ್ರೇಟರ್ ಕಟ್ಟಿದ್ದಳು. ನಿಮಗೆಲ್ಲ ಗೊತ್ತಿರುವ ಸರ್ಕ್ಯೂಟೇ, ಎರಡು ಟ್ರಾನ್ಸಿಸ್ಟರ್ ಸರದಿಯಲ್ಲಿ ಆನ್-ಆಫ್ ಆಗುತ್ತಲೇ ಇರುತ್ತವೆ. ಎರಡು ಬಿಸಿ547 ಟ್ರಾನ್ಸಿಸ್ಟರ್, ಬೇಸಿಗೆ 47ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, 12 ವೋಲ್ಟ್ ಸಪ್ಲೈ. ಹಿಂದಿನ ರಾತ್ರಿ ಮನೆಯಲ್ಲಿ ಸಿಮ್ಯುಲೇಟರ್ ಹಾಕಿದ್ದಾಳೆ. ಮೊದಲು ಏನೂ ಬರಲಿಲ್ಲವಂತೆ, ಬರೀ ನೇರ ಗೆರೆ. ಯಾಕೆಂದರೆ ಸಿಮ್ಯುಲೇಟರ್ ಮೊದಲು ಸ್ಥಿರವಾದ ಸ್ಥಿತಿಯನ್ನು ಹುಡುಕುತ್ತದೆ. ಎರಡೂ ಟ್ರಾನ್ಸಿಸ್ಟರ್ ಒಟ್ಟಿಗೆ ಆನ್. ಅಲ್ಲೇ ಕೂತುಬಿಡುತ್ತದೆ. ಸ್ವಿಚ್ ಹಾಕಿದ ಗಳಿಗೆ ಅನ್ನುವುದೇ ಅದರ ಲೆಕ್ಕದಲ್ಲಿಲ್ಲ. ಮೇಲಾಗಿ ಅಲ್ಲಿ ಎರಡೂ ಟ್ರಾನ್ಸಿಸ್ಟರ್ ತದ್ರೂಪು. ನಮ್ಮ ಎಸ್.ಪಿ. ರೋಡಿನಿಂದ ತಂದ ಪೊಟ್ಟಣದಲ್ಲಿ ಹಾಗಿರುತ್ತದೆಯೇ? ಬಿಸಿ547ರ ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು, 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅಂತ ಡೇಟಾಶೀಟೇ ಹೇಳುತ್ತದೆ. ಒಂದೇ ತಾಯಿಯ ಮಕ್ಕಳೇ ಒಂದೇ ತರ ಇರುವುದಿಲ್ಲ!

ಇನಿಶಿಯಲ್ ಕಂಡಿಷನ್, ಅಂದರೆ ಆರಂಭದ ವೋಲ್ಟೇಜ್, ಕೊಟ್ಟು ತಳ್ಳಿದ ಮೇಲೆ ಓಡಿತು. ಪೀರಿಯಡ್, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯ, 0.68 ಸೆಕೆಂಡ್. ಲ್ಯಾಬಿಗೆ ಬಂದು ಕಟ್ಟಿದಳು, ಸ್ವಿಚ್ ಹಾಕಿದ ತಕ್ಷಣ ಓಡಿತು. ಆದರೆ ಪೀರಿಯಡ್ 0.53.

ಪಕ್ಕದವರೆಲ್ಲ ಹೇಳಿದರು, "ಸುಮ್ನೆ 0.68 ಬರಿ, ವೈವಾದಲ್ಲಿ ಯಾರೂ ಕೇಳಲ್ಲ." ಅವಳು ಬರೆಯಲಿಲ್ಲ. ನನ್ನ ಹತ್ತಿರ ಬಂದು, "ಸರ್, ಯಾಕೆ ಕಡಿಮೆ ಬಂತು?" ಅಂದಳು. ನಾನು ಆ ವಯಸ್ಸಿನ ಯಾವ ಮೇಷ್ಟ್ರಾದರೂ ಹೇಳುವುದನ್ನೇ ಹೇಳಿದೆ. "ನೋಡಮ್ಮಾ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, 20 ಪರ್ಸೆಂಟ್ ಹೆಚ್ಚು ಕಡಿಮೆ ಇರುತ್ತೆ." ಅವಳು ಎರಡನ್ನೂ ಕಿತ್ತು, ಕೆಪಾಸಿಟರ್ ಬೆಲೆ ಅಳೆಯುವ ಎಲ್‌ಸಿಆರ್ ಮೀಟರಿಗೆ ಹಾಕಿದಳು. ಒಂದು 9.7, ಇನ್ನೊಂದು 9.9. ಇದರಿಂದ 2 ಪರ್ಸೆಂಟ್ ವ್ಯತ್ಯಾಸ ಬರಬಹುದು, 20 ಅಲ್ಲ. ಟ್ರಾನ್ಸಿಸ್ಟರ್ ಬದಲಿಸಿದಳು. ಮತ್ತೆ 0.53.

ಆಮೇಲೆ ಅವಳೇ ಸಪ್ಲೈಯನ್ನು 5 ವೋಲ್ಟಿಗೆ ಇಳಿಸಿದಳು. ಸಿಮ್ಯುಲೇಟರ್ 0.72 ಅಂದಿತು, ಟೇಬಲ್ ಮೇಲೆ 0.71. ಚೆನ್ನಾಗಿ ಹೊಂದಿತು! 12ಕ್ಕೆ ಏರಿಸಿದರೆ ಮತ್ತೆ ದೂರ. ಈಗ ನಾನೂ ಕುರ್ಚಿ ಎಳೆದುಕೊಂಡು ಕೂತೆ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸಿಆರ್‌ಓದ ಪ್ರೋಬನ್ನು ಬೇಸಿಗೆ ಇಟ್ಟೆವು. ಕೆಪಾಸಿಟರ್ ಆ ಬೇಸನ್ನು ಮೈನಸ್ 11 ವೋಲ್ಟ್‌ವರೆಗೆ ಎಳೆಯಬೇಕು. ಸ್ಕ್ರೀನ್ ಮೇಲೆ ಗೆರೆ ಇಳಿಯಿತು, ಇಳಿಯಿತು, ಮೈನಸ್ 8ಕ್ಕೆ ಬಂದು ಕತ್ತರಿಸಿದ ಹಾಗೆ ನಿಂತಿತು.

ಮುಂದಿನ ಸಾಲಿನವರು ಆಗಲೇ ತಲೆ ಆಡಿಸುತ್ತಿದ್ದೀರಿ. ಹೌದು, ಬೇಸ್-ಎಮಿಟರ್ ಜಂಕ್ಷನ್ ರಿವರ್ಸ್‌ನಲ್ಲಿ ಬ್ರೇಕ್‌ಡೌನ್ ಆಗುತ್ತಿತ್ತು, ಅಂದರೆ ತಡೆಯಲಾಗದೆ ಉಲ್ಟಾ ದಿಕ್ಕಿನಲ್ಲಿ ಕರೆಂಟ್ ಬಿಡುತ್ತಿತ್ತು. ಡೇಟಾಶೀಟಿನಲ್ಲಿ ಗರಿಷ್ಠ 6 ವೋಲ್ಟ್ ಅಂತ ಕಣ್ಣಿಗೆ ಕಾಣುವ ಹಾಗೇ ಬರೆದಿದ್ದಾರೆ. ಅದು ಸುರಕ್ಷಿತ ಮಿತಿ, ನಿಜವಾದ ಬ್ರೇಕ್‌ಡೌನ್ ಅದಕ್ಕಿಂತ ಸ್ವಲ್ಪ ಮೇಲೆ. 5 ವೋಲ್ಟ್ ಸಪ್ಲೈಯಲ್ಲಿ ಬೇಸ್ ಅಷ್ಟು ಕೆಳಗೆ ಹೋಗುವುದೇ ಇಲ್ಲ. ಅಲ್ಲಿ ಚಾರ್ಜ್ ಸೋರಿ ಹೋದ ಮೇಲೆ ಕೆಪಾಸಿಟರ್ ಮೈನಸ್ 11ರ ಬದಲು ಮೈನಸ್ 8ರಿಂದಲೇ ಮೇಲೆ ಹತ್ತಲು ಶುರು ಮಾಡುತ್ತದೆ. ದಾರಿ ಕಡಿಮೆ, ಸಮಯವೂ ಕಡಿಮೆ. ಹಾಗಾದರೆ ಸಿಮ್ಯುಲೇಟರ್‌ಗೆ ಯಾಕೆ ತಿಳಿಯಲಿಲ್ಲ? ಇಂಥ ಸಿಮ್ಯುಲೇಟರ್‌ಗಳ ಮೂಲವಾದ ಸ್ಪೈಸ್ ಪ್ರೋಗ್ರಾಮಿನಲ್ಲಿ ಟ್ರಾನ್ಸಿಸ್ಟರ್‌ಗೆ ಬಳಸುವ ಗುಮ್ಮೆಲ್-ಪೂನ್ ಅನ್ನುವ ಗಣಿತದ ಮಾಡೆಲ್ 1970ರದ್ದು. ಬಹಳ ಒಳ್ಳೆಯ ಮಾಡೆಲ್. ಆದರೆ ಸಾಮಾನ್ಯವಾಗಿ ನಾವು ಬಳಸುವ ರೂಪದಲ್ಲಿ ಈ ಬ್ರೇಕ್‌ಡೌನ್ ಇಲ್ಲವೇ ಇಲ್ಲ. ಮೈನಸ್ 100 ಕೊಟ್ಟರೂ ಅದು ತುಟಿ ಪಿಟಕ್ ಅನ್ನುವುದಿಲ್ಲ. ಸ್ಪೈಸ್ 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ್ದೇ ಐಸಿ, ಅಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್, ಡಿಸೈನ್‌ಗೆ. ಅದರ ಹೆಸರಿನಲ್ಲೇ ಐಸಿ ಇದೆ. ಒಂದೇ ಚಿಪ್ ಮೇಲೆ ಅಕ್ಕಪಕ್ಕ ಇರುವ ಟ್ರಾನ್ಸಿಸ್ಟರ್‌ಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ನಮ್ಮ ಬ್ರೆಡ್‌ಬೋರ್ಡ್ ಅದರ ಊರಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಸಿಮ್ಯುಲೇಟರ್‌ನಲ್ಲಿ ಬೇಸ್-ಎಮಿಟರ್ ನಡುವೆ ಒಂದು ಡಯೋಡ್ ಸೇರಿಸಿದಳು. ಬ್ರೇಕ್‌ಡೌನ್ 8 ವೋಲ್ಟ್, ಫಾರ್ವರ್ಡ್‌ನಲ್ಲಿ ಅಡ್ಡಬರದ ಹಾಗೆ ಅದರ ಸ್ಯಾಚುರೇಶನ್ ಕರೆಂಟ್ ಐಎಸ್ ತೀರಾ ಚಿಕ್ಕದು. 0.54 ಬಂತು. ಅಳೆದ ಕೆಪಾಸಿಟರ್ ಬೆಲೆಗಳನ್ನು ಹಾಕಿದಳು. 0.53! ಆ ಕ್ಷಣದ ಅವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇನ್ನೊಂದು ಕಡೆ, ನಿಜವಾದ ಸರ್ಕ್ಯೂಟಿನಲ್ಲಿ ಎರಡೂ ಎಮಿಟರ್‌ಗಳಿಗೆ ಒಂದೊಂದು 1ಎನ್4148 ಡಯೋಡ್ ಹಾಕಿದೆವು. ರಿವರ್ಸ್ ವೋಲ್ಟೇಜನ್ನು ಅದು ತಡೆದುಕೊಂಡಿತು. ಪೀರಿಯಡ್ 0.66ಕ್ಕೆ ಏರಿತು. ಇದು ಬರೀ ಅಂಕಿಯ ವಿಷಯವಲ್ಲ. ಆ ಜಂಕ್ಷನ್ ಮತ್ತೆ ಮತ್ತೆ ಬ್ರೇಕ್‌ಡೌನ್ ಆದರೆ ಟ್ರಾನ್ಸಿಸ್ಟರ್ ಗೇನ್ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಾ ಹೋಗುತ್ತದೆ. 0.68 ಅಂತ ಬರೆದವರ ಸರ್ಕ್ಯೂಟ್ ಒಳಗೇ ಸವೆಯುತ್ತಿತ್ತು, ಅವರಿಗೆ ಗೊತ್ತೇ ಆಗಲಿಲ್ಲ. ವ್ಯತ್ಯಾಸ ಎಷ್ಟು ಬಂತು, ಯಾಕೆ ಬಂತು? ಕೇಳಿದವಳು ಅವಳೊಬ್ಬಳೇ.

ಅಮೆರಿಕದಲ್ಲಿ ಬಾಬ್ ಪೀಸ್ ಅಂತ ದೊಡ್ಡ ಅನಲಾಗ್ ಎಂಜಿನಿಯರ್ ಇದ್ದರು. ಅವರಿಗೆ ಸ್ಪೈಸ್ ಮೇಲೆ ನಂಬಿಕೆಯೇ ಇರಲಿಲ್ಲ. ನಾನು ಅಷ್ಟು ದೂರ ಹೋಗುವುದಿಲ್ಲ. ಸಿಮ್ಯುಲೇಟರ್ ಇಲ್ಲದಿದ್ದರೆ ನಾವು 0.53 ನೋಡಿ, ಸರಿ ಇದೆ ಅಂತ ಎದ್ದು ಹೋಗುತ್ತಿದ್ದೆವು. ಅದು 0.68 ಅಂದಿದ್ದಕ್ಕೇ ಅನುಮಾನ ಬಂದದ್ದು.

ನಿಮ್ಮ ಎಚ್‌ಓಡಿ ಮೇಡಂ ಗಡಿಯಾರ ನೋಡುತ್ತಿದ್ದಾರೆ. ವ್ಯತ್ಯಾಸ ಬರಲು ಇನ್ನೂ ಮೂರು ಕಾರಣ ಇತ್ತು, ಬೇಗ ಹೇಳಿಬಿಡುತ್ತೇನೆ. ಒಂದು, ಬಿಸಿಲು. ಸ್ಪೈಸ್ ಸುಮ್ಮನಿದ್ದರೆ 27 ಡಿಗ್ರಿ ಅಂತ ಹಿಡಿಯುತ್ತದೆ. ಬೆಂಗಳೂರಿಗೆ ಸರಿ. ರಾಯಚೂರಿನ ಮೇ ತಿಂಗಳಲ್ಲಿ 42 ಇದ್ದರೆ? ಜಂಕ್ಷನ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಒಟ್ಟು 30. ಬೇಸ್ ವೋಲ್ಟೇಜನ್ನು ಹಾಗೇ ಇಟ್ಟರೆ ಕರೆಂಟ್ ಸುಮಾರು ಮೂರು ಪಟ್ಟು! ಎರಡು, ಚಿಕ್ಕ ಸೆರಾಮಿಕ್ ಕೆಪಾಸಿಟರ್. 10 ಮೈಕ್ರೋ ಅಂತ ಬರೆದಿದ್ದರೂ ಅದರ ಮೇಲೆ ಡಿಸಿ ವೋಲ್ಟೇಜ್ ಬಿದ್ದಾಗ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಮೂರು, ಪ್ರೋಬಿನ ಗ್ರೌಂಡ್ ವೈರ್. 15 ಸೆಂಟಿಮೀಟರ್ ವೈರಿನ ಇಂಡಕ್ಟೆನ್ಸ್, ಪ್ರೋಬಿನ 10 ಪಿಕೋಫ್ಯಾರಡ್, ಎರಡೂ ಸೇರಿ 130 ಮೆಗಾಹರ್ಟ್ಸ್ ಹತ್ತಿರ ತಾವೇ ಕುಣಿಯುತ್ತವೆ. ಅಳತೆಯೂ ತಪ್ಪಬಹುದು, ಬೈಗುಳವೆಲ್ಲ ಮಾಡೆಲ್‌ಗೇ ಬೇಡ.

ಸರಿ, ಮುಗಿಸುತ್ತೇನೆ. ಹಿಂದಿನ ಮೇಜಿನ ಮೇಲೆ ಅದೇ ಸರ್ಕ್ಯೂಟ್ ಕಟ್ಟಿಟ್ಟಿದ್ದೇನೆ. 12 ವೋಲ್ಟ್ ಸಪ್ಲೈ ಆನ್ ಇದೆ, ಸಿಆರ್‌ಓ ಕೂಡ ಆನ್ ಇದೆ. ಟ್ರಾನ್ಸಿಸ್ಟರ್ ಬೇರೆ ಕಂಪನಿಯದು, ಗೆರೆ 8ಕ್ಕೇ ನಿಲ್ಲಬೇಕೆಂದಿಲ್ಲ. ಪ್ರೋಬ್ ಹಿಡಿದು ನೋಡಿ, ಎಷ್ಟಕ್ಕೆ ನಿಂತಿತು ಅಂತ ಬರೆದುಕೊಂಡು ಬನ್ನಿ. ನಾನು ಇಲ್ಲೇ ಟೀ ಕುಡಿಯುತ್ತಾ ಕೂತಿರುತ್ತೇನೆ.